ನಿಮಗಿದು ಗೊತ್ತೇ? ಡಿಸ್ಕ್ ಒಂದೇ, ಸರ್ವರ್ ಹಲವು!

ಜೋಯಿಡಾದ ನಾಡಕಚೇರಿಯಲ್ಲಿ ಪಹಣಿ ಕೇಳುತ್ತೀರಿ. ಮುಂಡಗೋಡದ ಬ್ಯಾಂಕಿನಲ್ಲಿ ದುಡ್ಡು ಕಟ್ಟುತ್ತೀರಿ. ದಾಂಡೇಲಿಯಲ್ಲೇ ಕೂತು ರೈಲು ಟಿಕೆಟ್ ಕಾದಿರಿಸುತ್ತೀರಿ. ಉತ್ತರ ಕೊಡುವ ಸರ್ವರ್ ಇರುವುದು ಎಲ್ಲೋ ನೂರಾರು ಕಿಲೋಮೀಟರ್ ಆಚೆ. ಅದು ನಡುವೆ ಕೈಕೊಟ್ಟರೆ? ದೊಡ್ಡ ಕೇಂದ್ರಗಳಲ್ಲಿ ಪಕ್ಕದ ಸರ್ವರ್ ಕೂಡಲೇ ಕೆಲಸ ಎತ್ತಿಕೊಳ್ಳುತ್ತದೆ. ಹಾಗೆ ಎತ್ತಿಕೊಳ್ಳಲು ಒಂದು ಗಟ್ಟಿ ದಾರಿಯಿದೆ. ಎರಡೂ ಸರ್ವರ್‌ಗಳಿಗೆ ಅದೇ ಡಿಸ್ಕ್ ಕಾಣುವಂತೆ ಮಾಡುವುದು. ಅಂಥ ಡಿಸ್ಕ್‌ಗಳನ್ನು ಒಟ್ಟುಗೂಡಿಸಿದರೆ ಅದೇ ಶೇರ್ಡ್ ಡಿಸ್ಕ್ ಗ್ರೂಪ್. ಡಿಸ್ಕ್ ಹಂಚುವುದು ಸುಲಭ. ಹಂಚಿಕೊಂಡವರು ಹೊಂದಿಕೊಂಡು ನಡೆಯುವಂತೆ ಮಾಡುವುದೇ ಸೋಜಿಗ! ಬನ್ನಿ, ಒಂದೊಂದಾಗಿ ನೋಡೋಣ.

ನಮ್ಮ ಕಡೆಯಿಂದಲೇ ಶುರು

● ಭೂಮಿ ಯೋಜನೆಯಲ್ಲಿ ಕರ್ನಾಟಕ ಕಂಪ್ಯೂಟರಿಗೆ ಏರಿಸಿದ ಪಹಣಿಗಳೆಷ್ಟು? ಸುಮಾರು 2 ಕೋಟಿ! ಹಿಡುವಳಿದಾರರು ಸುಮಾರು 67 ಲಕ್ಷ. ಈ ಶತಮಾನದ ಆರಂಭದಲ್ಲಿ ಹಳಿಯಾಳದ ಲೆಕ್ಕ ಹಳಿಯಾಳದ ಕಂಪ್ಯೂಟರಿನಲ್ಲಿ, ಮುಂಡಗೋಡದ್ದು ಮುಂಡಗೋಡದಲ್ಲಿ. ಆಮೇಲೆ ಎಲ್ಲವೂ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರ ಸೇರಿತು. ಮೊದಲು ಒಂದು ಯಂತ್ರ ಕೆಟ್ಟರೆ ಒಂದು ತಾಲ್ಲೂಕು ಕಾಯುತ್ತಿತ್ತು. ಈಗ ಕೇಂದ್ರ ನಿಂತರೆ ನಾಡೇ ಕಾಯಬೇಕು!

● ಜೋಯಿಡಾಕ್ಕೆ ಮೊದಲು ತಾಲ್ಲೂಕು ಕೇಂದ್ರ ಯಾವುದಿತ್ತು? ಸೂಪಾ. ಕಾಳಿ ನದಿಗೆ ಅಣೆಕಟ್ಟು ಬಂತು, ಹಳೆಯ ಸೂಪಾ ನೀರಿನಡಿ ಹೋಯಿತು, ಕೇಂದ್ರ ಜೋಯಿಡಾಕ್ಕೆ ಬಂತು. ಊರು ಜಾಗ ಬದಲಿಸಿದರೂ ಯಾರ ಗದ್ದೆ ಯಾರದು ಎಂಬ ಲೆಕ್ಕ ತಪ್ಪುವಂತಿಲ್ಲ. ದಾಖಲೆ ಕಟ್ಟಡಕ್ಕಿಂತ ಹೆಚ್ಚು ಕಾಲ ಬಾಳಬೇಕು!

● ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಕಂಪನಿ ಹುಟ್ಟಿದ್ದು 1955ರಲ್ಲಿ. ಮರುವರ್ಷವೇ, 1956ರಲ್ಲಿ, ಐಬಿಎಂ ಜಗತ್ತಿನ ಮೊದಲ ಹಾರ್ಡ್ ಡಿಸ್ಕ್ ತಂದಿತು. ಅದರಲ್ಲಿ 24 ಇಂಚು ಅಗಲದ 50 ತಟ್ಟೆಗಳು. ತೂಕ ಸುಮಾರು ಒಂದು ಟನ್. ಹಿಡಿಸುತ್ತಿದ್ದದ್ದು ಬರೀ 50 ಲಕ್ಷ ಅಕ್ಷರ! ಇಂದು ಮೊಬೈಲಿನ ಒಂದು ಫೋಟೋ ಅಷ್ಟು ಜಾಗ ತಿನ್ನುತ್ತದೆ.

● ಕನ್ನಡದಲ್ಲಿ ‘ದಾಂಡೇಲಿ’ ಎಂದು ಡಿಸ್ಕಿಗೆ ಬರೆಯಲು ಎಷ್ಟು ಬೈಟ್ ಬೇಕು? ಯುಟಿಎಫ್-8 ಪದ್ಧತಿಯಲ್ಲಿ 21! ವ್ಯಂಜನ, ಸ್ವರಚಿಹ್ನೆ, ಸೊನ್ನೆ, ಪ್ರತಿಯೊಂದಕ್ಕೂ 3 ಬೈಟ್. ಮುಂಡಗೋಡಕ್ಕೂ 21. ಹಳಿಯಾಳ, ಜೋಯಿಡಾಕ್ಕೆ ತಲಾ 18. ನಾಲ್ಕೂ ಸೇರಿ 78. ಡಿಸ್ಕಿನ 4,096 ಬೈಟ್‌ಗಳ ಒಂದು ಬ್ಲಾಕಿನಲ್ಲಿ ಈ ನಾಲ್ಕು ಊರುಗಳ ಹೆಸರನ್ನು 52 ಸಲ ಬರೆಯಬಹುದು!

● 2002ರಲ್ಲಿ ಶುರುವಾದ ಖಜಾನೆ ಯೋಜನೆಯಲ್ಲಿ ರಾಜ್ಯದ ಖಜಾನೆಗಳು ಬೆಂಗಳೂರಿನ ಕೇಂದ್ರ ಸರ್ವರ್ ಜೊತೆ ಮಾತಾಡುತ್ತಿದ್ದದ್ದು ಉಪಗ್ರಹದ ಮೂಲಕ. ಉಪಗ್ರಹ ಇರುವುದು ಸುಮಾರು 36,000 ಕಿ.ಮೀ. ಎತ್ತರದಲ್ಲಿ. ಹೋಗಿ ಇಳಿಯಲು 72,000 ಕಿ.ಮೀ.! ಬೆಳಕಿನ ವೇಗದಲ್ಲೂ ಅದಕ್ಕೆ ಕಾಲು ಸೆಕೆಂಡಿನ ಹತ್ತಿರ ಬೇಕು. ಪಕ್ಕದ ಜಿಲ್ಲೆಗೆ ಹೋಗುವ ಲೆಕ್ಕವೂ ಮುಗಿಲು ಮುಟ್ಟಿ ಬರುತ್ತಿತ್ತು!

● ಅದೇ ಖಜಾನೆ ವ್ಯವಸ್ಥೆಗೆ ಆಪತ್ತಿನ ಕಾಲದ ಬದಲಿ ಕೇಂದ್ರ ಎಲ್ಲಿತ್ತು ಊಹಿಸಿ. ಹಳಿಯಾಳದ ನೆರೆಯ ಧಾರವಾಡದಲ್ಲಿ! ಬೆಂಗಳೂರಿಗೆ ಏನಾದರೂ ಆದರೆ ನಮ್ಮ ಕಡೆಯ ಊರೇ ಕೈಹಿಡಿಯಬೇಕು ಎಂಬ ಏರ್ಪಾಡು.

● ಅಂಬಿಕಾನಗರದ ಬಳಿಯ ನಾಗಝರಿ ವಿದ್ಯುದಾಗಾರದಲ್ಲಿ 6 ಯಂತ್ರಗಳಿವೆ. ಆರಕ್ಕೂ ನೀರು ಬರುವುದು ಬೊಮ್ಮನಹಳ್ಳಿಯ ಒಂದೇ ಜಲಾಶಯದಿಂದ. ಒಂದು ಯಂತ್ರ ನಿಂತರೂ ನೀರು ಉಳಿದವಕ್ಕೆ ಸಿಗುತ್ತದೆ. ಶೇರ್ಡ್ ಡಿಸ್ಕ್ ಗ್ರೂಪ್ ಇರುವುದೂ ಹೀಗೇ. ವ್ಯತ್ಯಾಸ ಒಂದೇ. ನೀರನ್ನು ಯಾರು ಮೊದಲು ಕುಡಿದರೂ ಚಿಂತೆಯಿಲ್ಲ. ದತ್ತಾಂಶದಲ್ಲಿ ಯಾರು ಮೊದಲು ಬರೆದರು ಎಂಬುದೇ ಎಲ್ಲ!

ಹಂಚಿಕೆ ಹುಟ್ಟಿದ್ದು ಹೀಗೆ

● ಒಂದೇ ಡಿಸ್ಕಿಗೆ ಎರಡು ಸರ್ವರ್ ಜೋಡಿಸಿ, ಎರಡರಲ್ಲೂ ಮಾಮೂಲಿ ಫೈಲ್ ಸಿಸ್ಟಂ ಮೌಂಟ್ ಮಾಡಿದರೆ, ಅಂದರೆ ಬಳಕೆಗೆ ತೆರೆದರೆ, ಏನಾಗುತ್ತದೆ ಗೊತ್ತೇ? ಡಿಸ್ಕ್ ತಡೆಯುವುದಿಲ್ಲ, ಕೇಬಲ್ ಗೊಣಗುವುದಿಲ್ಲ. ಎರಡೂ ಆರಾಮಾಗಿ ಬರೆಯುತ್ತವೆ. ಸ್ವಲ್ಪ ಹೊತ್ತಿಗೆ ಫೈಲ್‌ಗಳೆಲ್ಲ ಚಿಂದಿ! ಪ್ರತಿ ಸರ್ವರ್ ತನ್ನ ಮೆಮೊರಿಯಲ್ಲಿರುವ ನಕಲನ್ನೇ ನಿಜವೆಂದು ನಂಬುವುದು ಇದಕ್ಕೆ ಕಾರಣ.

● ಈ ತೊಡಕನ್ನು ಬಿಡಿಸಿ ಮಾರುಕಟ್ಟೆಗೆ ಬಂದ ಹೆಸರಾಂತ ಏರ್ಪಾಡು ಅಮೆರಿಕದ ಡಿಜಿಟಲ್ ಕಂಪನಿಯ ವ್ಯಾಕ್ಸ್‌ಕ್ಲಸ್ಟರ್. ವರ್ಷ 1983! ಕ್ಲಸ್ಟರ್ ಎಂದರೆ ಒಟ್ಟಾಗಿ ದುಡಿಯುವ ಕಂಪ್ಯೂಟರ್‌ಗಳ ಕೂಟ. ಹಲವು ಕಂಪ್ಯೂಟರ್, ಹಂಚಿಕೊಂಡ ಡಿಸ್ಕ್, ನಡುವೆ ಬೀಗ ಹಾಕಿ ತೆಗೆಯುವ ಲಾಕ್ ಮ್ಯಾನೇಜರ್. ಭಾರತ ಕ್ರಿಕೆಟ್ ವಿಶ್ವಕಪ್ ಗೆದ್ದ ವರ್ಷವೇ ಸರ್ವರ್‌ಗಳೂ ಒಗ್ಗಟ್ಟು ಕಲಿತವು!

● ಆ ಲಾಕ್ ಮ್ಯಾನೇಜರಿನಲ್ಲಿ ಬೀಗದ ಬಗೆಗಳು ಎಷ್ಟು? 6! ಕೆಲವು ‘ನಾನೂ ಓದುತ್ತೇನೆ, ನೀನೂ ಓದು’ ಎನ್ನುವಂಥವು. ಒಂದು ‘ನಾನು ಮುಗಿಸುವವರೆಗೆ ಯಾರೂ ಮುಟ್ಟಕೂಡದು’ ಎನ್ನುವಂಥದು. ಲಿನಕ್ಸ್‌ನ ಲಾಕ್ ಮ್ಯಾನೇಜರಿನಲ್ಲೂ ಅದೇ 6 ಬಗೆ ಉಳಿದುಬಂದಿವೆ!

● ದಾಂಡೇಲಿಯವರು ದೂರದ ರೈಲು ಹಿಡಿಯಲು ಅಳ್ನಾವರಕ್ಕೋ ಧಾರವಾಡಕ್ಕೋ ಹೋಗುತ್ತಾರೆ. ಅವರ ಬರ್ತ್ ಕಾದಿರಿಸುವ ರೈಲ್ವೆ ವ್ಯವಸ್ಥೆ ವರ್ಷಗಟ್ಟಲೆ ನಡೆದದ್ದು ವ್ಯಾಕ್ಸ್ ವಂಶದ ಓಪನ್‌ವಿಎಂಎಸ್ ಕ್ಲಸ್ಟರ್‌ಗಳ ಮೇಲೆ! ದೆಹಲಿಯಲ್ಲಿ 1985ರಲ್ಲಿ ಕಂಪ್ಯೂಟರ್ ಕಾದಿರಿಸುವಿಕೆ ಶುರುವಾಯಿತು. 1999ರಲ್ಲಿ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ, ಸಿಕಂದರಾಬಾದ್ ಐದೂ ಕೇಂದ್ರಗಳು ಬೆಸೆದುಕೊಂಡವು.

● ಒಂದೇ ಬರ್ತನ್ನು ಒಂದೇ ಕ್ಷಣದಲ್ಲಿ ಹುಬ್ಬಳ್ಳಿಯವರೂ ಮುಂಬೈಯವರೂ ಕೇಳಿದರೆ? ಒಬ್ಬರಿಗೆ ಬೀಗ ಸಿಗುತ್ತದೆ, ಇನ್ನೊಬ್ಬರು ಕಾಯುತ್ತಾರೆ. ಕಾಯುವುದು ಕಣ್ಣು ಮಿಟುಕಿಸುವಷ್ಟೂ ಅಲ್ಲ. ಆದರೂ ಆ ಚೂರು ಕಾಯುವಿಕೆ ಇಲ್ಲದಿದ್ದರೆ ರೈಲಿನಲ್ಲಿ ಹೊಡೆದಾಟವೇ!

● ಹಂಚಿಕೆಯೇ ಬೇಡ ಎಂದವರೂ ಇದ್ದಾರೆ. 1986ರಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಎಂಬ ವಿದ್ವಾಂಸರು, ಪ್ರತಿ ಯಂತ್ರಕ್ಕೂ ಅದರದೇ ಡಿಸ್ಕ್ ಇರಲಿ, ಏನನ್ನೂ ಹಂಚುವುದು ಬೇಡ ಎಂದು ಬರೆದರು. ಆ ವಾದ ಇವತ್ತಿಗೂ ಮುಗಿದಿಲ್ಲ. ಎರಡೂ ಪಂಥಗಳು ಜೋರಾಗಿ ನಡೆದಿವೆ!

ಗುಂಪು ಕಟ್ಟುವಾಗ

● ಡಿಸ್ಕಿಗೂ ಜನ್ಮನಾಮ ಇದೆ! ಅದಕ್ಕೆ ವರ್ಲ್ಡ್ ವೈಡ್ ನೇಮ್ ಎನ್ನುತ್ತಾರೆ. ಸಾಮಾನ್ಯವಾಗಿ 16 ಅಂಕಿ-ಅಕ್ಷರಗಳ ಸಾಲು. ಜಗತ್ತಿನಲ್ಲಿ ಇನ್ನೊಂದಕ್ಕೆ ಅದೇ ಹೆಸರು ಇರಕೂಡದು ಎಂಬುದು ನಿಯಮ. ಕ್ಲಸ್ಟರ್ ಕಟ್ಟುವವರು ಮೊದಲು ನೋಡುವುದೇ ಇದನ್ನು.

● ಏಕೆಂದರೆ ಲಿನಕ್ಸ್ ಇಡುವ ಕರೆಯುವ ಹೆಸರು ನಂಬುವಂಥದಲ್ಲ. ಒಂದು ಸರ್ವರ್‌ನಲ್ಲಿ ‘ಎಸ್‌ಡಿಬಿ’ ಎಂದು ಕಾಣುವ ಡಿಸ್ಕ್ ಪಕ್ಕದ ಸರ್ವರ್‌ನಲ್ಲಿ ‘ಎಸ್‌ಡಿಸಿ’ ಆಗಿರಬಹುದು. ರೀಬೂಟ್ ಮಾಡಿದರೆ ಮತ್ತೆ ಅದಲುಬದಲು! ಹೆಸರು ನೋಡಿ ಡಿಸ್ಕ್ ಅಳಿಸಲು ಹೋದರೆ ದೇವರೇ ಗತಿ.

● ಇರುವುದು ಒಂದು ಡಿಸ್ಕ್, ಪರದೆಯಲ್ಲಿ ಕಾಣುವುದು ನಾಲ್ಕು! ಸರ್ವರ್‌ನಿಂದ ಸ್ಟೋರೇಜ್ ಪೆಟ್ಟಿಗೆಗೆ ನಾಲ್ಕು ದಾರಿ ಇದ್ದರೆ ಅದೇ ಡಿಸ್ಕ್ ನಾಲ್ಕು ಸಲ ತೋರುತ್ತದೆ. ನಾಲ್ಕನ್ನೂ ಸೇರಿಸಿ ಒಂದು ಹೆಸರು ಕೊಡುವ ಕೆಲಸ ಮಲ್ಟಿಪಾತ್‌ನದು. ಒಂದು ಕೇಬಲ್ ಕಿತ್ತರೂ ಉಳಿದ ಮೂರರಲ್ಲಿ ಓಡಾಟ ಸಾಗುತ್ತದೆ!

● ಡಿಸ್ಕಿನ ಒಡೆತನ ರೀಬೂಟ್ ಆದಾಗ ಮರೆತುಹೋಗುತ್ತದೆ, ಗೊತ್ತೇ? ಲಿನಕ್ಸ್ ಪ್ರತಿ ಸಲವೂ ಸಾಧನಗಳ ಪಟ್ಟಿಯನ್ನು ಹೊಸದಾಗಿ ಕಟ್ಟುತ್ತದೆ. ಡೇಟಾಬೇಸ್ ಬಳಕೆದಾರನ ಹೆಸರಿಗೆ ಬರೆದುಕೊಟ್ಟ ಡಿಸ್ಕ್ ಮತ್ತೆ ‘ರೂಟ್’ ಪಾಲು! ಅದಕ್ಕೇ ಪ್ರತಿ ಸಲವೂ ಒಡೆತನವನ್ನು ತಾನಾಗಿ ಮರಳಿಸುವ ಯುಡೆವ್ ನಿಯಮ ಬರೆದಿಡಬೇಕು. ಸಂಜೆ ಸರಿಯಿದ್ದ ಕ್ಲಸ್ಟರ್ ಬೆಳಿಗ್ಗೆ ಏಳದಿದ್ದರೆ ಮೊದಲು ಇಲ್ಲಿ ಇಣುಕಿ.

● ಇಷ್ಟಾದ ಮೇಲೆ ಗುಂಪು ಕಟ್ಟಲು ಎಷ್ಟು ಕೆಲಸ? ಒಂದೇ ಆಜ್ಞೆ! ಒರೇಕಲ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ‘ಕ್ರಿಯೇಟ್ ಡಿಸ್ಕ್‌ಗ್ರೂಪ್’ ಎಂದು, ಹೆಸರು, ನಕಲಿನ ಬಗೆ, ಡಿಸ್ಕ್‌ಗಳ ಪಟ್ಟಿ ಕೊಟ್ಟರಾಯಿತು. ಅದೂ ಒಂದು ನೋಡ್‌ನಲ್ಲಿ, ಅಂದರೆ ಕ್ಲಸ್ಟರಿನ ಒಂದು ಸರ್ವರ್‌ನಲ್ಲಿ ಮಾತ್ರ. ಉಳಿದ ನೋಡ್‌ಗಳು ಬರೀ ಮೌಂಟ್ ಮಾಡಿಕೊಂಡರೆ ಸಾಕು. ಎರಡನೇ ನೋಡ್‌ನಲ್ಲಿ ಮತ್ತೆ ಕಟ್ಟಲು ಹೋಗುವುದು ಹೊಸಬರು ಎಡವುವ ಜಾಗ!

● ಒರೇಕಲ್‌ನ ಈ ಡಿಸ್ಕ್ ಗ್ರೂಪ್ ವ್ಯವಸ್ಥೆಯ ಹೆಸರು ಎಎಸ್‌ಎಂ. ಬಂದದ್ದು 10ಜಿ ಆವೃತ್ತಿಯೊಂದಿಗೆ. ಫೈಲಿನ ವಿಳಾಸದಲ್ಲಿ ಗುಂಪಿನ ಹೆಸರಿನ ಮುಂದೆ ಒಂದು ಕೂಡಿಸುವ ಚಿಹ್ನೆ! ‘+ಡೇಟಾ’ ಎಂದರೆ ದತ್ತಾಂಶದ ಗುಂಪು. ‘+ಎಫ್‌ಆರ್‌ಎ’ ಎಂದರೆ ಮರುಗಳಿಕೆಯ ಗುಂಪು. ಜಗತ್ತಿನ ಅದೆಷ್ಟೋ ಕಡೆ ಇವೇ ಎರಡು ಹೆಸರು!

● ವೆರಿಟಾಸ್ ಎಂಬ ಇನ್ನೊಂದು ತಂತ್ರಾಂಶದಲ್ಲಿ ಹಂಚಿಕೆಯ ಗುಂಪಿಗೂ ಖಾಸಗಿ ಗುಂಪಿಗೂ ಆಜ್ಞೆಯಲ್ಲಿರುವ ವ್ಯತ್ಯಾಸ ಎಷ್ಟು? ಒಂದೇ ಅಕ್ಷರ, ‘ಎಸ್’! ಅದನ್ನು ಹಾಕಿದರೆ ಗುಂಪು ಎಲ್ಲರದು. ಬಿಟ್ಟರೆ ಒಂದೇ ಸರ್ವರ್‌ನ ಸ್ವಂತ ಸೊತ್ತು.

● ಅದೇ ವೆರಿಟಾಸ್ ಕ್ಲಸ್ಟರಿನಲ್ಲಿ ಮೊದಲು ಬಂದು ಸೇರಿದ ನೋಡ್‌ಗೇ ಯಜಮಾನಿಕೆ. ಗುಂಪಿನ ರಚನೆ ಬದಲಿಸುವ ಅಧಿಕಾರ ಆ ಯಜಮಾನ ನೋಡ್‌ಗೆ. ಅದು ಹೊರಟುಹೋದರೆ? ಉಳಿದವರಲ್ಲೊಬ್ಬರು ತಕ್ಷಣ ಪಟ್ಟಕ್ಕೆ! ಓದು-ಬರಹ ಮಾತ್ರ ಎಲ್ಲ ನೋಡ್‌ಗಳಿಗೂ ಸರಿಸಮ.

● ಎಎಸ್‌ಎಂಗೆ ಸೇರಿದ ಡಿಸ್ಕಿನ ಆರಂಭದಲ್ಲೇ ಒಂದು ಹಣೆಬರಹ ಇರುತ್ತದೆ. ‘ಒಆರ್‌ಸಿಎಲ್‌ಡಿಸ್ಕ್’ ಎಂಬ ಪದ! ಅದಿರುವುದು ಮೊದಲ 4,096 ಬೈಟ್‌ಗಳೊಳಗೆ. ಆ ಚೂರು ಅಳಿಸಿದರೆ ಸಾಕು, ಟೆರಾಬೈಟ್‌ಗಟ್ಟಲೆ ದತ್ತಾಂಶವಿದ್ದರೂ ಡಿಸ್ಕ್ ಅನಾಥ. ಅದಕ್ಕೇ 11ಜಿ ಕಾಲದಿಂದ ಈ ತಲೆಬರಹದ ಒಂದು ನಕಲು ಅದೇ ಡಿಸ್ಕಿನ ಒಳಗಡೆ ಇರುತ್ತದೆ!

● ತುಂಬಿದ ಡಿಸ್ಕ್ ಹೊರಗಿನವರಿಗೆ ಖಾಲಿ ಕಾಣುತ್ತದೆ! ವಿಂಡೋಸ್‌ಗೆ ಗುರುತು ಸಿಗದ ಡಿಸ್ಕ್ ಜೋಡಿಸಿದರೆ ‘ಇದನ್ನು ಹೊಸದಾಗಿ ಸಿದ್ಧಪಡಿಸಲೇ?’ ಎಂದು ವಿನಯದಿಂದ ಕೇಳುತ್ತದೆ. ಹೂಂ ಎಂದರೆ ಮುಗಿಯಿತು. ಆದ್ದರಿಂದ ಯಾವ ಸರ್ವರ್‌ಗೆ ಯಾವ ಡಿಸ್ಕ್ ಕಾಣಬೇಕು ಎಂದು ಸ್ಟೋರೇಜ್ ಮಟ್ಟದಲ್ಲೇ ಬೇಲಿ ಹಾಕುತ್ತಾರೆ.

● ಗುಂಪಿನೊಳಗೆ ನಿಮ್ಮ ಫೈಲ್ ಒಂದೇ ಡಿಸ್ಕಿನಲ್ಲಿ ಕೂರುವುದಿಲ್ಲ. ಎಎಸ್‌ಎಂ ಅದನ್ನು ಸಾಮಾನ್ಯವಾಗಿ 1 ಎಂಬಿ ಅಥವಾ 4 ಎಂಬಿ ತುಂಡುಗಳಾಗಿ ಕತ್ತರಿಸಿ ಎಲ್ಲ ಡಿಸ್ಕ್‌ಗಳಿಗೂ ಹಂಚುತ್ತದೆ. 10 ಡಿಸ್ಕ್ ಇದ್ದರೆ ಓದುವಾಗ ಹತ್ತೂ ಕೈಹಚ್ಚುತ್ತವೆ! ಡಿಸ್ಕ್‌ಗಳು ಒಂದೇ ಅಳತೆಯವಿರಲಿ ಎಂದು ಬಲ್ಲವರು ಹೇಳುವುದೂ ಇದಕ್ಕೇ. ದೊಡ್ಡ ಡಿಸ್ಕಿಗೆ ತುಂಡುಗಳೂ ಹೆಚ್ಚು, ದಣಿವೂ ಹೆಚ್ಚು.

● ಎಎಸ್‌ಎಂನ ನಕಲಿನ ಬಗೆಗಳಲ್ಲಿ ನಾರ್ಮಲ್ ಎಂದರೆ ಪ್ರತಿ ತುಂಡಿಗೆ 2 ಪ್ರತಿ. ಹೈ ಎಂದರೆ 3 ಪ್ರತಿ. ಎಕ್ಸ್‌ಟರ್ನಲ್ ಎಂದರೆ ನಕಲಿನ ಹೊಣೆ ಸ್ಟೋರೇಜ್ ಪೆಟ್ಟಿಗೆಯದು. ಸ್ವಾರಸ್ಯ ಏನೆಂದರೆ, ಇಲ್ಲಿ ಇಡೀ ಡಿಸ್ಕಿಗೆ ಜೋಡಿ ಡಿಸ್ಕ್ ಎಂಬುದಿಲ್ಲ. ಪ್ರತಿ ತುಂಡಿನ ಜೋಡಿ ಬೇರೆ ಬೇರೆ ಡಿಸ್ಕಿನಲ್ಲಿ ಚದುರಿರುತ್ತದೆ!

● ಹಾಗೆಂದು ಎಲ್ಲೆಂದರಲ್ಲಿ ಇಡುವುದಿಲ್ಲ. ಒಟ್ಟಿಗೇ ಕೆಡಬಹುದಾದ ಡಿಸ್ಕ್‌ಗಳನ್ನು ಒಂದು ಫೇಲ್ಯೂರ್ ಗ್ರೂಪ್ ಮಾಡುತ್ತಾರೆ. ಒಂದೇ ಪೆಟ್ಟಿಗೆ, ಒಂದೇ ಕಂಟ್ರೋಲರ್ ಇದ್ದರೆ ಒಂದೇ ಗುಂಪು. ಒಂದು ತುಂಡಿನ ಎರಡೂ ಪ್ರತಿ ಅದೇ ಗುಂಪಿಗೆ ಎಂದೂ ಹೋಗವು. ಪೆಟ್ಟಿಗೆಯೇ ಸುಟ್ಟರೂ ಪ್ರತಿ ಉಳಿಯುತ್ತದೆ!

● ಖಾಲಿ ಜಾಗ ಸೊನ್ನೆಗಿಂತ ಕಡಿಮೆ ಇರಬಹುದೇ? ಎಎಸ್‌ಎಂನಲ್ಲಿ ಇರಬಹುದು! ಬಳಸಬಹುದಾದ ಜಾಗದ ಅಂಕಣದಲ್ಲಿ ಒಮ್ಮೊಮ್ಮೆ ಮೈನಸ್ ಅಂಕಿ ಬರುತ್ತದೆ. ಗುಂಪಿನ ಡಿಸ್ಕ್‌ಗಳಲ್ಲಿ ಒಂದು ಪಾಲು ಕೆಟ್ಟರೆ ಅದರ ಪ್ರತಿಗಳನ್ನು ಮತ್ತೆ ಬರೆಯಲು ಜಾಗ ಸಾಲದು ಎಂಬ ಮುನ್ನೆಚ್ಚರಿಕೆ ಅದು. ನಂಬಿ, ಅದು ದೋಷವಲ್ಲ!

● ಹೊಸ ಡಿಸ್ಕ್ ಸೇರಿಸಲು ಡೇಟಾಬೇಸ್ ನಿಲ್ಲಿಸಬೇಕಿಲ್ಲ. ಸೇರಿಸಿದೊಡನೆ ಹಳೆಯ ಡಿಸ್ಕ್‌ಗಳ ತುಂಡುಗಳು ತಾವಾಗಿ ಹೊಸದಕ್ಕೆ ಸರಿದು ಸಮನಾಗುತ್ತವೆ. ಹಗಲು ಜನ ಕೆಲಸ ಮಾಡುತ್ತಲೇ ಇರುತ್ತಾರೆ, ಒಳಗೆ ಮನೆ ಬದಲಾಗುತ್ತಿರುತ್ತದೆ. ಯಾರಿಗೂ ಸುಳಿವಿಲ್ಲ!

● ಆ ಸರಿದಾಟಕ್ಕೆ ವೇಗದ ಅಂಕಿ ಇದೆ. ಮೊದಲು 11ರವರೆಗೆ ಇತ್ತು. ಆಮೇಲೆ ಒಮ್ಮೆಲೇ 1,024ಕ್ಕೆ ಜಿಗಿಯಿತು! 0 ಕೊಟ್ಟರೆ ಸರಿದಾಟವೇ ನಿಲ್ಲುತ್ತದೆ. ಸಂಬಳದ ದಿನ ಬ್ಯಾಂಕಿನಲ್ಲಿ ನೂಕುನುಗ್ಗಲಿದ್ದರೆ ಅಂಕಿ ಇಳಿಸಿ, ರಾತ್ರಿ ಏರಿಸಿ.

● ಕೆಟ್ಟ ಡಿಸ್ಕ್ ಮರಳಿ ಬರಲಿ ಎಂದು ಎಎಸ್‌ಎಂ ಕಾಯುವ ಸಮಯ 11ಜಿ ಆವೃತ್ತಿಯಲ್ಲಿ ಎಷ್ಟಿತ್ತು? 3.6 ಗಂಟೆ! ಅಂದರೆ ಸರಿಯಾಗಿ 3 ಗಂಟೆ 36 ನಿಮಿಷ. ಅಷ್ಟರೊಳಗೆ ಬಂದರೆ ತಪ್ಪಿಹೋದ ಬದಲಾವಣೆ ಮಾತ್ರ ಬರೆದರಾಯಿತು. ಬಾರದಿದ್ದರೆ ಗುಂಪಿನಿಂದ ಹೊರಗೆ!

ಮಾತು ಕಡಿದಾಗ

● ಕ್ಲಸ್ಟರಿನ ನೋಡ್‌ಗಳು ಪ್ರತಿ ಸೆಕೆಂಡೂ ಪರಸ್ಪರ ‘ಇದ್ದೀಯಾ?’ ಎನ್ನುತ್ತಿರುತ್ತವೆ. ಒರೇಕಲ್‌ನಲ್ಲಿ 30 ಸೆಕೆಂಡು ನೆಟ್‌ವರ್ಕಿನಲ್ಲಿ ಉತ್ತರವಿಲ್ಲದಿದ್ದರೆ ಪಂಚಾಯಿತಿಕೆ ಶುರು. ಡಿಸ್ಕಿನ ಮೂಲಕ ನಡೆಯುವ ವಿಚಾರಣೆಗೆ ಮಾತ್ರ 200 ಸೆಕೆಂಡು ತಾಳ್ಮೆ!

● ಎಲ್ಲಕ್ಕಿಂತ ಅಪಾಯದ ಗಳಿಗೆ ಯಾವುದು? ಸರ್ವರ್ ಸಾಯುವುದಲ್ಲ! ಎರಡೂ ಬದುಕಿದ್ದು ನಡುವಿನ ಕೇಬಲ್ ಮಾತ್ರ ಕಡಿಯುವುದು. ಆಗ ಪ್ರತಿಯೊಂದೂ ‘ಅವನು ಹೋದ, ಇನ್ನು ಡಿಸ್ಕ್ ನನ್ನದೇ’ ಎಂದುಕೊಳ್ಳುತ್ತದೆ. ಇದಕ್ಕೆ ಸ್ಪ್ಲಿಟ್ ಬ್ರೇನ್ ಎಂದು ಹೆಸರು.

● ಇದನ್ನು ತಪ್ಪಿಸಲು ಡಿಸ್ಕ್‌ಗಳೇ ಮತ ಹಾಕುತ್ತವೆ! ಇವು ವೋಟಿಂಗ್ ಡಿಸ್ಕ್. ಅರ್ಧಕ್ಕಿಂತ ಹೆಚ್ಚು ವೋಟಿಂಗ್ ಡಿಸ್ಕ್ ಮುಟ್ಟಬಲ್ಲ ನೋಡ್‌ಗೆ ಮಾತ್ರ ಕ್ಲಸ್ಟರಿನಲ್ಲಿ ಜಾಗ. ಎಎಸ್‌ಎಂನಲ್ಲಿ ಎಕ್ಸ್‌ಟರ್ನಲ್ ಆದರೆ 1, ನಾರ್ಮಲ್ ಆದರೆ 3, ಹೈ ಆದರೆ 5. ಎಲ್ಲವೂ ಬೆಸ ಸಂಖ್ಯೆ, ಗಮನಿಸಿದಿರಾ?

● ಎರಡು ವೋಟಿಂಗ್ ಡಿಸ್ಕ್ ಇಟ್ಟರೆ ಒಂದಕ್ಕಿಂತ ಭದ್ರ ಎನಿಸುತ್ತದೆ. ಖಂಡಿತ ಅಲ್ಲ! ಎರಡರಲ್ಲಿ ಒಂದು ಹೋದರೆ ಉಳಿಯುವುದು ಸರಿಯಾಗಿ ಅರ್ಧ. ಅರ್ಧಕ್ಕಿಂತ ಹೆಚ್ಚಲ್ಲ. ಕ್ಲಸ್ಟರ್ ನಿಂತೇಹೋಗುತ್ತದೆ. ಭದ್ರತೆ ಶುರುವಾಗುವುದು ಮೂರರಿಂದ!

● ಸೋತ ನೋಡ್ ಹಟ ಹಿಡಿದು ಬರೆಯಲು ಬಂದರೆ? ಡಿಸ್ಕೇ ಬಾಗಿಲು ಹಾಕುತ್ತದೆ! ಸರ್ವರ್ ಡಿಸ್ಕಿನೊಂದಿಗೆ ಮಾತಾಡುವ ಸ್ಕಸಿ-3 ಪದ್ಧತಿಯಲ್ಲಿ ಪ್ರತಿ ನೋಡ್ ಡಿಸ್ಕಿನಲ್ಲಿ 8 ಬೈಟ್‌ನ ಒಂದು ಕೀಲಿ ನೋಂದಾಯಿಸಿರುತ್ತದೆ. ಗೆದ್ದವರು ಸೋತವರ ಕೀಲಿ ಕಿತ್ತೊಗೆದರೆ ಮುಗಿಯಿತು. ಆ ಕಡೆಯಿಂದ ಒಂದಕ್ಷರವೂ ಬರೆಯಲಾಗದು.

● ವೆರಿಟಾಸ್‌ನಲ್ಲಿ ಈ ಕಾಳಗಕ್ಕೆಂದೇ 3 ಪ್ರತ್ಯೇಕ ಡಿಸ್ಕ್ ಮೀಸಲಿಡುತ್ತಾರೆ. ಅವುಗಳಲ್ಲಿ ನಿಮ್ಮ ದತ್ತಾಂಶ ಎಷ್ಟು? ಏನೂ ಇಲ್ಲ! ಅವು ಇರುವುದು ತೀರ್ಪು ಕೊಡಲು ಮಾತ್ರ.

● ಈಗ ಒಂದು ಒಗಟು. ಎಎಸ್‌ಎಂ ಏಳಬೇಕಾದರೆ ಕ್ಲಸ್ಟರ್ ಎದ್ದಿರಬೇಕು. ಕ್ಲಸ್ಟರ್ ಏಳಬೇಕಾದರೆ ವೋಟಿಂಗ್ ಡಿಸ್ಕ್ ಬೇಕು. 11ಜಿ ಎರಡನೇ ಬಿಡುಗಡೆಯಿಂದ ವೋಟಿಂಗ್ ಡಿಸ್ಕ್ ಇರುವುದೇ ಎಎಸ್‌ಎಂ ಒಳಗೆ! ಮತ್ತೆ ಏಳುವುದು ಹೇಗೆ? ಡಿಸ್ಕಿನ ತಲೆಬರಹದಲ್ಲೇ ‘ವೋಟಿಂಗ್ ಫೈಲ್ ಇಲ್ಲಿಂದ ಇಲ್ಲಿವರೆಗೆ’ ಎಂದು ಬರೆದಿರುತ್ತದೆ. ಎಎಸ್‌ಎಂ ಏಳುವ ಮೊದಲೇ ಕ್ಲಸ್ಟರ್ ಅದನ್ನು ನೇರವಾಗಿ ಓದುತ್ತದೆ. ಎಂಥ ಜಾಣತನ!

ಇನ್ನೂ ಇದೆ, ನಿಲ್ಲಿ

● ಗಾಜಿನ ನೂಲಿನಲ್ಲಿ ಬೆಳಕು ಓಡುವುದು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಬೆಂಗಳೂರಿನಿಂದ ನಮ್ಮ ಕಡೆಗೆ 450 ಕಿ.ಮೀ. ಕೇಬಲ್ ಎಳೆದು ಇಲ್ಲೊಂದು ಪ್ರತಿ ಇಟ್ಟರೆ? ಹೋಗಿ ಬರಲು 4.5 ಮಿಲಿಸೆಕೆಂಡ್. ಏನೂ ಅಲ್ಲ ಎನಿಸಿತೇ? ಒಂದರ ಹಿಂದೊಂದು 1,000 ಸಲ ಬರೆದು ಉತ್ತರಕ್ಕೆ ಕಾದರೆ 4.5 ಸೆಕೆಂಡು ದಾರಿಯಲ್ಲೇ ಹೋಯಿತು! ಹಂಚಿಕೆಯ ಡಿಸ್ಕ್ ಹತ್ತಿರವೇ ಇರಬೇಕು ಎನ್ನುವುದು ಇದಕ್ಕೆ.

● ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಬಂದ ಸೂಪರ್ ಕಂಪ್ಯೂಟರ್ ಪರಮ್ ಪ್ರವೇಗ. ವೇಗ 3.3 ಪೆಟಾಫ್ಲಾಪ್. ಅದರ ಸಂಗ್ರಹ 4 ಪೆಟಾಬೈಟ್. ಅಂದರೆ 1 ಟೆರಾಬೈಟ್‌ನ 4,000 ಡಿಸ್ಕ್‌ಗಳಷ್ಟು! ಅದರ ನೂರಾರು ನೋಡ್‌ಗಳಿಗೂ ಅವೇ ಫೈಲ್‌ಗಳು ಕಾಣುತ್ತವೆ.

● 3 ಪ್ರತಿ ಇದೆ, ಇನ್ನೇನು ಭಯ ಎಂದಿರಾ? ಯಾರೋ ಒಂದು ಪಟ್ಟಿ ಅಳಿಸಿದರೆ ಮೂರೂ ಪ್ರತಿಗಳಲ್ಲಿ ಅದೇ ಕ್ಷಣ ಅಳಿಯುತ್ತದೆ! ಹೀಗೆ ಒಟ್ಟಿಗೇ ಬದಲಾಗುವ ಪ್ರತಿಯೇ ಮಿರರ್. ಮಿರರ್ ಬೇರೆ, ಬ್ಯಾಕಪ್ ಬೇರೆ. ಡಿಸ್ಕ್ ಕೆಡುವುದಕ್ಕೆ ಮಿರರ್ ಮದ್ದು. ಕೈತಪ್ಪಿಗೆ ಬ್ಯಾಕಪ್ಪೇ ಗತಿ. ದತ್ತಾಂಶಕ್ಕೊಂದು, ಮರುಗಳಿಕೆಗೊಂದು ಎಂದು ಎರಡು ಡಿಸ್ಕ್ ಗ್ರೂಪ್ ಮಾಡುವುದು ಸುಮ್ಮನೆ ಅಲ್ಲ.

● ಇದನ್ನೆಲ್ಲ ಕಲಿಯಲು ಬೆಂಗಳೂರಿಗೇ ಹೋಗಬೇಕಿಲ್ಲ! ಹಳಿಯಾಳದಲ್ಲೇ ಎಂಜಿನಿಯರಿಂಗ್ ಕಾಲೇಜಿದೆ. ಮೆಮೊರಿ ಚೆನ್ನಾಗಿರುವ ಒಂದು ಲ್ಯಾಪ್‌ಟಾಪ್, ಉಚಿತವಾಗಿ ಸಿಗುವ ವರ್ಚುವಲ್‌ಬಾಕ್ಸ್ ಸಾಕು. ಡಿಸ್ಕ್ ಮಾಡುವಾಗ ಎರಡು ಮಾತು ನೆನಪಿಡಿ. ಅದು ಪೂರ್ತಿ ಅಳತೆಯ, ಅಂದರೆ ಫಿಕ್ಸೆಡ್ ಬಗೆಯದಾಗಿರಬೇಕು. ‘ಶೇರಬಲ್’ ಎಂದು ಗುರುತು ಹಾಕಿರಬೇಕು. ಬೆಳೆಯುವ ಬಗೆಯ ಡಿಸ್ಕನ್ನು ವರ್ಚುವಲ್‌ಬಾಕ್ಸ್ ಹಂಚಲು ಬಿಡುವುದೇ ಇಲ್ಲ!

● ಕಟ್ಟಿದ ಮೇಲೆ ಒಂದು ಪ್ರಯೋಗ ಮಾಡಿ. ಎರಡು ನೋಡ್‌ಗಳ ನಡುವಿನ ನೆಟ್‌ವರ್ಕ್ ಕಡಿಯಿರಿ. ಗಡಿಯಾರ ನೋಡಿ. 30 ಸೆಕೆಂಡು ಕಳೆಯಲಿ. ಒಂದು ನೋಡ್ ಗುಂಪಿನಿಂದ ಹೊರಬೀಳುತ್ತದೆ, ಇನ್ನೊಂದು ಕೆಲಸ ಮುಂದುವರಿಸುತ್ತದೆ. ಖಾಯಂ ಮಾಡಿದ ಒಂದು ಸಾಲೂ ಕಳೆದಿರುವುದಿಲ್ಲ. ಪಹಣಿಯೋ, ಪಗಾರವೋ, ಬರ್ತೋ, ಯಾವುದೇ ಇರಲಿ. ಇಬ್ಬರೂ ಸೇರಿ ಕೆಡಿಸುವುದಕ್ಕಿಂತ ಒಬ್ಬರು ಹಿಂದೆ ಸರಿದು ಉಳಿಸಬೇಕು ಎಂಬ ಪಾಠ ಈ ಯಂತ್ರಗಳಿಗೆ ಬಾಯಿಪಾಠ!